ಕರೆಂಟ್ ವಾಯರಿಗೆ ಕೊಂಡಿ ಹಾಕಿದ ಅಂದಾನಪ್ಪ

"ಅಪ್ಪಾ, ಲ್ಯಾಪ್‌ಟಾಪ್ ಮುಟ್ಟಿದ್ರ ಕೈ ಜುಮ್ ಅಂತೈತಿ" ಎಂದು ಚೇತನಾ ಹೇಳಿ ನಾಲ್ಕು ದಿನವಾಗಿತ್ತು. ಇಳಕಲ್ಲಿನ ನೇಕಾರ ಅಂದಾನಪ್ಪ ಮಗ್ಗದಿಂದ ತಲೆ ಎತ್ತಲಿಲ್ಲ. "ಕರೆಂಟ್ ಇದ್ದ ಮ್ಯಾಲೆ ಅಷ್ಟರ ಅನ್ನಬ್ಯಾಡೇನು?" ಎಂದು ನಕ್ಕುಬಿಟ್ಟ. ನಮ್ಮಲ್ಲಿ ಈ ನಗು ಯಾವ ಮನೆಯಲ್ಲಿಲ್ಲ ಹೇಳಿ! ಫ್ರಿಜ್ ಜುಮ್ ಎಂದರೂ ನಗು, ಮಿಕ್ಸರ್ ಜುಮ್ ಎಂದರೂ ನಗು.

ಐದನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಅಂದಾನಪ್ಪನ ನಗು ನಿಂತಿತು. ಮಗ್ಗದ ಪಕ್ಕದ ಬೋರ್ಡಿನಲ್ಲಿ ಚಟ್ಟನೆ ಕಿಡಿ ಹಾರಿತು. ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟಿದ್ದ ಚೇತನಾ "ಯವ್ವಾ!" ಎಂದು ಚೀರಿ ಹಿಂದಕ್ಕೆ ಬಿದ್ದಳು. ಪುಣ್ಯಕ್ಕೆ ಬೆರಳು ಮರಗಟ್ಟಿದ್ದು ಬಿಟ್ಟರೆ ಹುಡುಗಿಗೆ ಏನೂ ಆಗಲಿಲ್ಲ. ಆದರೆ ಲ್ಯಾಪ್‌ಟಾಪ್ ಕಪ್ಪಾಯಿತು. ಗುಂಡಿ ಎಷ್ಟು ಒತ್ತಿದರೂ ಮಿಸುಕಾಡಲಿಲ್ಲ.

"ಅಪ್ಪಾ, ನಕ್ಷಾ ಎಲ್ಲಾ ಇದರಾಗ ಅದಾವ!" ಎಂದು ಚೇತನಾ ಅಳತೊಡಗಿದಳು.

ಆರು ತಿಂಗಳು ಕೂತು ಬಿಡಿಸಿದ ಹದಿನಾಲ್ಕು ಹೊಸ ಸೀರೆ ನಕ್ಷೆಗಳು. ಅವತ್ತೇ ಮಧ್ಯಾಹ್ನ ಮೂರಕ್ಕೆ ನವನಗರದಲ್ಲಿ ಸೀರೆ ಕೊಳ್ಳುವವರಿಗೆ ತೋರಿಸಬೇಕು. ಅವರು ಒಪ್ಪಿದರೆ ಓಣಿಯ ಒಂಬತ್ತು ಮಗ್ಗಕ್ಕೂ ವರ್ಷವಿಡೀ ಕೆಲಸ. ಇನ್ನೆಲ್ಲೂ ಪ್ರತಿ ತೆಗೆದಿಟ್ಟಿರಲಿಲ್ಲ. ಹನ್ನೊಂದರ ಬಸ್ಸು ಬೇರೆ ಹಿಡಿಯಬೇಕು!

"ಅಳಬ್ಯಾಡ, ಇನ್ನೊಮ್ಮೆ ಹಚ್ಚಿ ನೋಡೂನು" ಎಂದು ಅಂದಾನಪ್ಪ ಪ್ಲಗ್ಗಿಗೆ ಕೈ ಹಾಕಿದ.

"ಕಾಕಾ, ಕೈ ತಗೀರಿ! ಮೊದಲ ಮೇನ್ ಬಂದ್ ಮಾಡ್ರಿ!"

ಚೀರಿದ್ದು ಕೇಳಿ ಓಡಿ ಬಂದಿದ್ದಳು ಎದುರು ಮನೆಯ ಖುಶನುಮಾ. ಐ.ಟಿ.ಐ. ಕಲಿತು ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಗಟ್ಟಿ ಹುಡುಗಿ. ಮೇನ್ ಬಂದ್ ಆದ ಮೇಲೆಯೇ ಒಳಗೆ ಕಾಲಿಟ್ಟಳು. ಮೊದಲು ಚೇತನಾಳ ಕೈ ಹಿಡಿದು ನೋಡಿದಳು.

"ಎದಿ ಡವಡವ ಅನ್ನಾಕತ್ತೈತಿ ಏನು? ಹೋಗು, ಮೊದಲ ದವಾಖಾನಿಗೆ ತೋರಿಸ್ಕೊಂಡು ಬಾ. ಶಾಕ್ ಹೊಡದದ್ದನ್ನ ಹಗರ ತಿಳೀಬಾರದು. ಅಷ್ಟರಾಗ ನಾ ಇದನ್ನ ನೋಡ್ತೇನಿ."

ಚೇತನಾ ಓಣಿ ಕೊನೆಯ ದವಾಖಾನೆಗೆ ಓಡಿದಳು. ತಾಯಿ ಸಿದ್ದಲಿಂಗವ್ವ ಲ್ಯಾಪ್‌ಟಾಪ್ ಎತ್ತಿಕೊಂಡು, "ಅಕ್ಕಿ ಡಬ್ಬ್ಯಾಗ ಇಟ್ರ ಸುಧಾರಸ್ತೈತಿ ಏನ?" ಎಂದಳು.

"ಕಾಕು, ಅದೇನು ಮೆತ್ತಗಾದ ಹಪ್ಪಳ ಏನ್ರಿ!" ಖುಶನುಮಾ ನಕ್ಕಳು.

"ಸತ್ತದ್ದು ಎಲ್ಲಿ ಏಳ್ತೈತವ್ವಾ" ಎಂದ ಅಂದಾನಪ್ಪ, ಗೋಡೆಗೆ ಒರಗಿ.

"ನೋಡದ ಸತ್ತೈತಿ ಅನಬ್ಯಾಡ್ರಿ." ಖುಶನುಮಾ ಚಾರ್ಜರ್ ಕಿತ್ತು ಮೂಸಿದಳು. ಸುಟ್ಟ ವಾಸನೆ. ಅದನ್ನು ಆಚೆ ಇಟ್ಟಳು. ಲ್ಯಾಪ್‌ಟಾಪಿಗೆ ವಾಸನೆ ಇರಲಿಲ್ಲ, ಬ್ಯಾಟರಿ ಉಬ್ಬಿರಲಿಲ್ಲ. "ಉಬ್ಬಿದ್ರ ಯಾರಿಗೂ ಮುಟ್ಟಾಕ ಬಿಡ್ತಿರಲಿಲ್ಲ ನಾ" ಎಂದು, ಚಾರ್ಜರ್ ಇಲ್ಲದೆಯೇ ಆನ್ ಮಾಡುವ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದಳು. "ಒಳಗ ಸಿಕ್ಕೊಂಡ ಕರೆಂಟ್ ಇಳೀಲಿ." ಆಮೇಲೆ ತನ್ನ ಮನೆಗೆ ಒಯ್ದು, ಅಷ್ಟೇ ವೋಲ್ಟಿನ ಒಳ್ಳೆಯ ಚಾರ್ಜರಿಗೆ ಹಚ್ಚಿದಳು. ಇಪ್ಪತ್ತು ನಿಮಿಷ ಯಾರೂ ಮುಟ್ಟಬಾರದು ಎಂದು ತಾಕೀತು ಮಾಡಿದಳು.

ಅಷ್ಟರಲ್ಲಿ ತಿರುಗಿ ಬಂದು ಬೋರ್ಡಿನ ವಾಯರ್ ಎಳೆದು ನೋಡಿದವಳೇ ಹಣೆ ಹಣೆ ಬಡಿದುಕೊಂಡಳು!

"ಕಾಕಾ, ಇದೇನ್ರಿ ಇದು?"

"ಇಲಿ ಕಡದಿತ್ತವ್ವಾ. ಕೊಂಡಿ ಹಾಕಿ ಮ್ಯಾಲೆ ನೂಲು ಸುತ್ತಿದ್ದೆ."

ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಹಾಕುವ ಕೊಂಡಿ! ಅಂದಾನಪ್ಪನ ಕೊಂಡಿ ಎಂದರೆ ಓಣಿಗೇ ಹೆಸರು, ನೂರು ಸಲ ಉಟ್ಟರೂ ಬಿಚ್ಚದು. ಆದರೆ ಸೀರೆಯಲ್ಲಿ ಕರೆಂಟ್ ಹರಿಯುತ್ತದೆಯೇ? ಮಗ್ಗ ಅಲುಗಿದಂತೆಲ್ಲ ವಾಯರಿನ ಕೊಂಡಿ ಸಡಿಲಾಗಿತ್ತು, ನೂಲು ಸುಟ್ಟು ಕರಕಾಗಿತ್ತು.

"ಮೂರು ವಾಯರ್ ಇರ್ತಾವು. ಹಸಿರಿಂದು ಎಲ್ಲಿ?"

"ಅದನ್ನ ಬಿಟ್ಟೆ. ಅದಿಲ್ದನೂ ಲೈಟ್ ಹತ್ತಿತು."

"ಅದು ಅರ್ಥಿಂಗ್ ರೀ ಕಾಕಾ! ಸೋರಿದ ಕರೆಂಟನ್ನ ನೆಲಕ್ಕ ಒಯ್ಯೂದು ಅದ. ಅದಿಲ್ಲಂದ್ರ ಮುಟ್ಟಿದವರ ಮೈಯಾಗ ಹಾಯ್ದು ಹೋಗ್ತೈತಿ. ಚೇತನಾ ನಾಲ್ಕು ದಿನದಿಂದ ಹೇಳಾಕತ್ತಿದ್ದು ಅದನ್ನ."

ಅಷ್ಟರಲ್ಲಿ ಡಾಕ್ಟರು ಹೃದಯ ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದರೆಂದು ಹೇಳುತ್ತ ಚೇತನಾ ಓಡಿ ಬಂದಳು. ಎಲ್ಲರೂ ಖುಶನುಮಾಳ ಮನೆಗೆ ನುಗ್ಗಿದರು. ಅವಳು ಗುಂಡಿ ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಸಣ್ಣ ಬೆಳಕು, ಅದರ ಹಿಂದೆಯೇ ಪರದೆ ತುಂಬ ಕೆಂಪು ಸೆರಗಿನ ನಕ್ಷೆ!

"ಬಂತು! ಬಂತಪ್ಪಾ!" ಎಂದು ಚೇತನಾ ಕುಣಿದಾಡಿದಳು. ಸಿದ್ದಲಿಂಗವ್ವ ಲಟಿಕೆ ಮುರಿದು ಖುಶನುಮಾಳ ದೃಷ್ಟಿ ತೆಗೆದಳು.

"ಕುಣಿಯೂದು ಆಮ್ಯಾಲೆ. ಮೊದಲ ಪೆನ್‌ಡ್ರೈವಿಗೆ ಒಂದು ಪ್ರತಿ, ಫೋನಿಗೆ ಒಂದು ಪ್ರತಿ ಹಾಕ್ಕೋ" ಎಂದಳು ಖುಶನುಮಾ.

ಅಂದಾನಪ್ಪ ಮಾತ್ರ ಪರದೆ ನೋಡಲಿಲ್ಲ. ಮಗಳ ಬೆರಳನ್ನು ಹಿಡಿದುಕೊಂಡೇ ನಿಂತಿದ್ದ. "ನಕ್ಷಾ ಹೋಗಿದ್ರ ಮತ್ತ ಬರೀತಿದ್ದೆವ್ವಾ. ನೀ ಹೋಗಿದ್ರ ನಾ ಏನ್ ಮಾಡ್ತಿದ್ದೆ?" ಎಂದ.

ಸಂಜೆ ಐದಕ್ಕೆ ನವನಗರದಿಂದ ಫೋನು ಬಂತು. "ಅಪ್ಪಾ, ಒಪ್ಪಿದ್ರು! ಒಂಬತ್ತೂ ಮಗ್ಗಕ್ಕ ಕೆಲಸ!"

"ಛಲೋ ಆತು, ಭಾಳ ಛಲೋ ಆತು! ಇಲ್ಲಿ ನಾನೂ ಎಲೆಕ್ಟ್ರಿಷಿಯನ್ನನ ಕರಿಸಿ ಹೊಸಾ ವಾಯರ್ ಹಾಕಿಸೇನಿ. ಅರ್ಥಿಂಗ್ ತಪಾಸಣಿ ಮಾಡಿಸೇನಿ. ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಸ್ವಿಚ್ಚೂ ಕೂಡಿಸೇನಿ. ಅವ ಬಂದು ಹೋಗೂತನಕ ಮೇನ್ ಮುಟ್ಟಿಲ್ಲವ್ವಾ."

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕೈಗೆ ಸಣ್ಣಗೆ ಜುಮ್ ಎಂದರೂ ಅದು ಎಚ್ಚರಿಕೆ. ಮೇನ್ ಬಂದ್ ಮಾಡಿ, ಬಲ್ಲವರನ್ನು ಕರೆಯಿರಿ. ಹರಿದ ವಾಯರ್ ಕಟ್ಟಬೇಡಿ, ಬದಲಿಸಿ. ಮೂರನೆಯ ವಾಯರನ್ನು ಬಿಡಬೇಡಿ. ಶಾಕ್ ತಿಂದ ಲ್ಯಾಪ್‌ಟಾಪನ್ನು ಅವಸರದಲ್ಲಿ ಮತ್ತೆ ಹಚ್ಚಬೇಡಿ, ಮುಖ್ಯವಾದದ್ದಕ್ಕೆ ಎರಡು ಪ್ರತಿ ಇಟ್ಟುಕೊಳ್ಳಿ. ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ. ಕೊಟ್ಟು ಬಂದು, ಮಕ್ಕಳು ಓದುವ ಜಾಗದ ಬೋರ್ಡನ್ನು ಇವತ್ತೇ ಒಮ್ಮೆ ನೋಡಿ.