ಕೂತಪ್ಪನ ಪೀಠ

ಮಾವ ಎರಡನೇ ಸಲ ಎಳೆದಾಗ ಪೀಠದ ಹೊಲಿಗೆ ಪರ್ರೆಂದು ಬಿಚ್ಚಿ, ಮರದ ಹೊಟ್ಟು ನೆಲಕ್ಕೆ ಸುರಿಯಿತು.

“ಅಲ್ಲ ಕಣೇ, ಏನು ತುಂಬಿದ್ದಾನೆ ಇದರೊಳಗೆ ನಿಮ್ಮಪ್ಪ? ಬಂಡೆ ಇದ್ದ ಹಾಗಿದೆ.”

“ಬಿಡು ಮಾವ, ಅಲ್ಲೇ ಇರಲಿ,” ಎಂದಳು ಮಗಳು.

ತೀರಿಕೊಂಡ ಅಪ್ಪನನ್ನು ಮುಂದಿನ ಕೋಣೆಯ ಚಪ್ಪಲಿ ಅಂಗಡಿಯಲ್ಲೇ ಮಲಗಿಸಿದ್ದರು, ಅವನ ಉಳಿ, ಮೇಣದ ದಾರ, ಚರ್ಮದ ತುಂಡುಗಳ ನಡುವೆ. ಬಂದವರಿಗೆ ಜಾಗ ಸಾಲದೆ ಅವನ ಚರ್ಮದ ಪೀಠವನ್ನು ಸರಿಸಲು ಮಾವ ಹೊರಟಿದ್ದ.

“ಬದುಕಿದ್ದಾಗಂತೂ ಈ ಪೀಠ ಬಿಡಲಿಲ್ಲ. ನನಗೆ ಹೆಣ್ಣು ಕೊಡೋ ಹಿರಿಯರು ಬಾಗಿಲಲ್ಲಿ ನಿಂತಿದ್ರು. ನಮ್ಮ ಭಾವ ಎದ್ದನಾ? ಕೂತಲ್ಲೇ ಕೈಮುಗಿದ. ಊರೇನು ಸುಮ್ಮನೆ ಕೂತಪ್ಪ ಅಂತ ಕರೀತಿತ್ತಾ?”

ಒಂದಿಬ್ಬರು ಮುಸಿಮುಸಿ ನಕ್ಕರು. ಗಂಡನ ಪಾದದ ಬಳಿ ಕೂತಿದ್ದ ಅಮ್ಮ ತಲೆ ತಗ್ಗಿಸಿದಳು. ಇವತ್ತೊಂದು ದಿನವಾದರೂ ಆ ಅಡ್ಡಹೆಸರು ಅಪ್ಪನ ಬೆನ್ನು ಹತ್ತದಿರಲಿ, ಮರ್ಯಾದೆಯಿಂದ ಅವನು ಹೋಗಲಿ ಎಂದು ಮಗಳು ಬೆಳಗಿನಿಂದ ದೇವರನ್ನು ಬೇಡಿಕೊಂಡಿದ್ದಳು. ದೇವರಿಗೆ ಕೇಳಿಸಿದಂತಿರಲಿಲ್ಲ.

ಮಾವ ಹೊಟ್ಟಿನೊಳಗೆ ಕೈ ಹಾಕಿ ಕೆದಕಿದ.

“ಕೈ ತೆಗಿ.”

ಪಕ್ಕದ ಮನೆಯ ಮಿಲಿಟ್ರಿ ಅಜ್ಜ. ಅವನ ದನಿ ಏರಿರಲಿಲ್ಲ, ಆದರೂ ಎಲ್ಲರೂ ತಿರುಗಿದರು.

“ನಿಧಾನ. ಹಾಂ. ಈಗ ಎಲ್ಲರೂ ಬೀದಿಗೆ ನಡೀರಿ. ಓಡಬೇಡಿ. ಅವನನ್ನೂ ಎತ್ಕೊಳ್ಳಿ.”

ಹೊಟ್ಟಿನ ನಡುವೆ ಕಂಬಳಿಯ ಸುತ್ತು. ಅದು ಸರಿದ ಕಡೆ ಕಪ್ಪು ಕಬ್ಬಿಣ, ಅದರ ಸೊಂಟಕ್ಕೆ ತಾಮ್ರದ ಪಟ್ಟಿ.

“ಫಿರಂಗಿ ಗುಂಡು,” ಎಂದ ಅಜ್ಜ. “ಇನ್ನೂ ಸಿಡಿದಿಲ್ಲ.”

ಪಟ್ಟಿಯ ಒಂದು ಕಡೆ ಕಲ್ಲೇಟಿಗೆ ನೆಗ್ಗಿತ್ತು. ಮಾವ ಅದನ್ನೇ ನೋಡುತ್ತ ಹಿಂದೆ ಸರಿದ. ಮಗಳಿಗೂ ಆ ನೆಗ್ಗು ಗುರುತಾಯಿತು.

*

ಅದು ಯುದ್ಧ ಮುಗಿದ ಹೊಸತು, ಮಗಳಿನ್ನೂ ಚಿಕ್ಕವಳು. ಸಮುದ್ರದ ದಂಡೆಯ ಕಟ್ಟೆಯಿಂದ ಫಿರಂಗಿಗಳನ್ನು ಬಿಚ್ಚಿ ಒಯ್ದಿದ್ದರು. ದುಂಡನೆಯ ಗುಂಡಿಗಳು, ದಪ್ಪ ಗೋಡೆಗಳು, ಮದ್ದಿಡುತ್ತಿದ್ದ ನೆಲಮಾಳಿಗೆಗಳು ಉಳಿದಿದ್ದವು. ಮುಳ್ಳುತಂತಿ ದಾಟಿದವರನ್ನು ಮಕ್ಕಳೆಂದೂ ನೋಡದೆ ಹಿಡಿದೊಯ್ಯುತ್ತಿದ್ದರು. ಆದರೂ ಇನ್ನೂ ಮೀಸೆ ಚಿಗುರದ ಮಾವ ನುಗ್ಗಿದ್ದ, ಅವನ ಬಾಲವಾಗಿ ಅಕ್ಕನ ಈ ಪುಟ್ಟ ಮಗಳು. ಮರಳಲ್ಲಿ ಸಿಕ್ಕಿದ ಗುಂಡನ್ನು ಉರುಳಿಸಿ ತಂದು, ತಾಮ್ರ ಬಿಡಿಸಿ ಮಾರಲು ಅದರ ಪಟ್ಟಿಯನ್ನು ಕಲ್ಲಿನಿಂದ ಕುಟ್ಟುತ್ತಿದ್ದ.

ಆಗ ಅಪ್ಪ ಬಂದ, ಹಲ್ಲಿ ಬಿದ್ದರೂ ಎದ್ದು ಓಡುತ್ತಿದ್ದ ಅಪ್ಪ. ಬೈಯಲಿಲ್ಲ. ಅಂಗಿ ಬಿಚ್ಚಿ ಅದಕ್ಕೆ ಸುತ್ತಿ, ಹಸುಗೂಸಿನ ಹಾಗೆ ಎದೆಗೆ ಎತ್ತಿಕೊಂಡ.

“ನೀವಿಬ್ಬರೂ ಮುಂದೆ ಹೋಗಿ. ಹಿಂದೆ ತಿರುಗಬೇಡಿ.”

ಅವಳು ತಿರುಗಿದ್ದಳು. ಬಹಳ ದೂರದಲ್ಲಿ ಅಪ್ಪ ಬರಿಮೈಯಲ್ಲಿ, ನೆಲವನ್ನು ಕೇಳಿ ಕೇಳಿ ಹೆಜ್ಜೆ ಇಡುವವನಂತೆ ಬರುತ್ತಿದ್ದ. ಆಮೇಲೆ ಕೇಳಿದರೆ, ಸಮುದ್ರಕ್ಕೆ ಹಾಕಿದೆ ಎಂದ. ಆ ವಾರ ಅಂಗಡಿಗೆ ಹೊಸ ಪೀಠ ಬಂತು.

*

ಅಪ್ಪನ ಚಟ್ಟವನ್ನು ಬೀದಿಯ ಕೊನೆಯ ಮರದಡಿ ಇಳಿಸಿದ್ದರು. ಸೇನೆಯವರು ಬಂದು ಗುಂಡನ್ನು ಮರಳಿನ ಪೆಟ್ಟಿಗೆಯಲ್ಲಿಟ್ಟು ಫಿರಂಗಿ ಕಟ್ಟೆಗೆ ಒಯ್ದರು. ಅಲ್ಲಿಯ ಗುಂಡಿಯಲ್ಲೇ ಸಿಡಿಸುತ್ತಾರಂತೆ.

“ಅದು ಸಿಡಿಯುತ್ತೆ ಅಂತ ಅಪ್ಪನಿಗೆ ಗೊತ್ತಿರಲಿಲ್ಲವೇನೋ, ಅಜ್ಜ?” ಅಂದಿನದನ್ನೆಲ್ಲ ಹೇಳಿ ಮಗಳು ಕೇಳಿದಳು.

“ಗೊತ್ತಿಲ್ಲದವನು ಅಷ್ಟು ಕಂಬಳಿ ಸುತ್ತುತ್ತಾನಾ, ಮಗಳೇ? ದಂಡೆ ತುಂಬ ಕಾವಲಿತ್ತು. ಹೇಳಿದ್ರೆ ಹುಡುಗನ್ನ ಒಯ್ತಿದ್ರು. ಬಿಸಾಕಿದ್ರೆ ಇನ್ನೊಂದು ಮಗು ಎತ್ಕೊಳ್ತಿತ್ತು. ಆಮೇಲೆ ಹೇಳೋಕೆ ಹೆದರಿದ್ನೋ ಏನೋ. ಮೊದಲೇ ಪುಕ್ಕಲ.”

“ಗಿರಾಕಿಗಳ ಜೊತೆ ಮಕ್ಕಳು ಬರ್ತವೆ, ಏಳೋಕಾಗಲ್ಲ ಅಂತಿದ್ರು,” ಎಂದಳು ಅಮ್ಮ, ಯಾರನ್ನೂ ನೋಡದೆ. “ಊಟಾನೂ ಅದರ ಮೇಲೇ. ಬಾಗಿಲಿಗೆ ಬೀಗ ಬಿದ್ದ ಮೇಲೇ ಏಳೋದು. ಉಳಿ, ಕತ್ತಿ ಇರ್ತವಲ್ಲ, ಅದಕ್ಕೆ ಅನ್ಕೊಂಡಿದ್ದೆ ನಾನು.”

ಯಾರೂ ನಗಲಿಲ್ಲ.

ದಂಡೆಯ ಕಡೆ ಸೀಟಿ ಕೇಳಿತು. “ಕಿವಿ ಮುಚ್ಕೊಳ್ಳಿ,” ಎಂದ ಅಜ್ಜ.

ಎಲ್ಲರೂ ಮುಚ್ಚಿಕೊಂಡರು. ಕಾಲಡಿಯ ನೆಲ ಒಮ್ಮೆ ಎದ್ದು ಕೂತಿತು. ಮರದ ಹಕ್ಕಿಗಳೆಲ್ಲ ಒಟ್ಟಿಗೆ ಹಾರಿದವು. ಮಗಳು ಕಣ್ಣು ತೆರೆದಾಗ ಮಾವ ಚಟ್ಟದ ಪಕ್ಕ ಮಂಡಿಯೂರಿದ್ದ. ಅವನ ಎರಡೂ ಅಂಗೈ ಅಪ್ಪನ ಕಿವಿಗಳನ್ನು ಒತ್ತಿ ಮುಚ್ಚಿದ್ದವು.