ಹೆಜ್ಜೆ ಸಪ್ಪಳ ಗೊತ್ತಿದ್ದ ಎ.ಸಿ.

ಬೀಗಕ್ಕೆ ಕೀ ಹಾಕುವ ಮೊದಲು ಅವಳು ಬಾಗಿಲಿಗೆ ಕಿವಿಗೊಟ್ಟು ನಿಂತಳು. ತನ್ನ ಮನೆಗೆ ತಾನೇ ಕಳ್ಳಿಯ ಹಾಗೆ ಬರುವುದು ಈಚೆಗೆ ಅಭ್ಯಾಸವಾಗಿಬಿಟ್ಟಿತ್ತು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ಅಷ್ಟರಲ್ಲಿ ಮುಚ್ಚಿದ ಮಲಗುವ ಕೋಣೆಯಿಂದ ‘ಟೀಂಕ್’ ಎಂದು ಸಣ್ಣ ದನಿ ಬಂತು. ಅದರ ಬೆನ್ನಿಗೇ ಎ.ಸಿ.ಯ ರೆಕ್ಕೆ ತೆರೆದುಕೊಂಡು ಗಾಳಿ ಶುರುವಾದ ಸದ್ದು. ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಯಾರೂ ಅಲ್ಲಿ ಮಲಗದೆ ತಿಂಗಳುಗಳೇ ಆಗಿದ್ದವು.

ಗಂಡ ಇದ್ದಾಗಲೂ ಇದು ಹೀಗೇ ಆಗುತ್ತಿತ್ತು. ಆಗ ಅದು ಸುಖವಾಗಿತ್ತು. ಅವಳದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ. ಹಗಲೆಲ್ಲ ಹಬೆಯಲ್ಲಿ ಬೆಂದು ಮನೆಗೆ ಬಂದರೆ ಕೋಣೆ ತಣ್ಣಗೆ ಕಾದಿರುತ್ತಿತ್ತು. ಅವನದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಮಧ್ಯಾಹ್ನ ಹೋದರೆ ರಾತ್ರಿಯೇ ಬರುವುದು. “ನೀವಿಲ್ಲದಾಗ ಇದನ್ನ ಯಾರು ಹಾಕ್ತಾರೆ?” ಎಂದು ಕೇಳಿದರೆ, “ಅದಕ್ಕೆ ನಿನ್ನ ಹೆಜ್ಜೆ ಸಪ್ಪಳ ಗೊತ್ತು ಕಣೆ” ಎನ್ನುತ್ತಿದ್ದ. ತುಟಿಯಂಚಿನಲ್ಲೂ ನಗು ಕಾಣಿಸುತ್ತಿರಲಿಲ್ಲ, ಅಂಥ ಪಾಕಡಾ ಆಸಾಮಿ. ಅತ್ತೆಯೇ ಹಾಕುತ್ತಾರೆ ಎಂದು ಅವಳು ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಿದ್ದಳು.

ಆಮೇಲೆ ಅವನು ಆಸ್ಪತ್ರೆಗೆ ಹೊರಟ. “ಸಣ್ಣ ಆಪರೇಷನ್ನು. ಬೆಡ್‌ಶೀಟು ಕೊಳೆಯಾಗೋದ್ರೊಳಗೆ ಬಂದ್ಬಿಡ್ತೀನಿ” ಎಂದು ಹೇಳಿ ಹೋದವನು ಬರಲೇ ಇಲ್ಲ. ದುಃಖ ಕೇಳಲು ಬಂದವರೆಲ್ಲ ಹಿಂದಿರುಗಿ, ಅವಳು ಮತ್ತೆ ಕೆಲಸಕ್ಕೆ ಹೋಗಿ ಬಂದ ಮೊದಲ ಸಂಜೆ ಕೋಣೆಯಲ್ಲಿ ‘ಟೀಂಕ್’ ಎಂದಿತು.

“ಅತ್ತೆ, ಎ.ಸಿ. ನೀವು ಹಾಕಿದ್ರಾ?”

“ನಾನ್ಯಾಕಮ್ಮ ಹಾಕ್ಲಿ? ಯಾವತ್ತೂ ಹಾಕಿದ್ದಿಲ್ಲ. ಅವನೇ...” ಎಂದ ಅತ್ತೆ ಮಾತನ್ನು ಅರ್ಧಕ್ಕೇ ಬಿಟ್ಟರು. ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

ಅವನೇ. ಆ ಒಂದು ಮಾತು ಅವಳ ಬೆನ್ನಹುರಿಯಲ್ಲಿ ಇಳಿದು ಕೂತಿತು. ಮತ್ತೆ ಅತ್ತೆಯ ಹತ್ತಿರ ಆ ವಿಷಯ ಎತ್ತಲಿಲ್ಲ. ಮಗನನ್ನು ಕಳೆದುಕೊಂಡು ನಾಲ್ಕು ಮಾತೂ ಆಡದ ಹೆಂಗಸು. ಅವರ ತಲೆಗೂ ಈ ಹುಳ ಬಿಡುವುದು ಯಾಕೆ ಎಂದುಕೊಂಡಳು. ರಾತ್ರಿ ಹಾಲಿನಲ್ಲಿ ಚಾಪೆ ಹಾಸಿಕೊಳ್ಳತೊಡಗಿದಳು. ಅತ್ತೆ ನೋಡಿದರು, ಏನೂ ಕೇಳಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಬಾಯಿ ಹೊಲಿದುಕೊಂಡಿದ್ದರು. ಅದನ್ನು ಪ್ರೀತಿ ಅಂತಲೇ ಕರೆಯಬೇಕು, ಆದರೆ ಎಂಥ ಎಡವಟ್ಟು ಪ್ರೀತಿ.

ಭಯಕ್ಕೆ ಔಷಧಿಯೆಂದು ಅವಳು ಹಿಡಿದದ್ದು ಮೆಕ್ಯಾನಿಕ್‌ಗಳ ಬೆನ್ನು. ಮೊದಲು ಬಂದವನಿಗೆ ಅವಳು ನೀರಣ್ಣ ಎಂದು ಹೆಸರಿಟ್ಟಳು. ಏನು ಹೇಳಿದರೂ ಪೈಪು ಹಿಡಿದು ತೊಳೆಯುವುದೊಂದೇ ಅವನ ವಿದ್ಯೆ. ಹಳೆಯ ರಿಮೋಟ್ ಆಸ್ಪತ್ರೆಯ ಗಡಿಬಿಡಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಬೇರೊಂದು ತಂದುಕೊಟ್ಟಿದ್ದಷ್ಟೇ ಅವನಿಂದಾದ ಉಪಕಾರ. ಎರಡನೆಯವನು ಗ್ಯಾಸಣ್ಣ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ “ಗ್ಯಾಸ್ ಹೋಗಿದೆ ಮೇಡಂ” ಎಂದ. ಮೂರನೆಯವನು ಇದ್ದ ಬೋರ್ಡನ್ನು ಕಿತ್ತು ಹೊಸ ಬೋರ್ಡು ಹಾಕಿ, ಇನ್ನು ಹತ್ತು ವರ್ಷ ನೋಡೋ ಹಾಗಿಲ್ಲ ಎಂದು ಎದೆ ತಟ್ಟಿಕೊಂಡು ಹೋದ. ಎಲ್ಲರೂ ಬೆಳಿಗ್ಗೆ ಬಂದರು, ಬೆಳಿಗ್ಗೆಯೇ ಹೋದರು. ಅತ್ತೆಯ ಎದುರಿಗೆ ದೆವ್ವದ ಮಾತು ಹೇಗೆ ಆಡುವುದು? ಎಲ್ಲರಿಗೂ ಅವಳು ಹೇಳಿದ್ದು ಒಂದೇ: “ಸರಿಯಾಗಿ ತಣ್ಣಗಾಗ್ತಿಲ್ಲ.”

ವಿಚಿತ್ರವೆಂದರೆ ಪ್ರತಿ ರಿಪೇರಿಯ ಮರುದಿನ ಕೋಣೆ ಮೊದಲಿಗಿಂತ ಹೆಚ್ಚು ತಣ್ಣಗಾಗುತ್ತಿತ್ತು. ಬೋರ್ಡು ಬದಲಾದ ಮೇಲಂತೂ ಬಾಗಿಲ ಕೆಳಗಿನ ಸಂದಿಯಿಂದ ಬರುವ ಗಾಳಿಗೆ ಅವಳ ಪಾದ ಮರಗಟ್ಟುತ್ತಿತ್ತು. ಅದು ಎ.ಸಿ.ಯ ಚಳಿಯಲ್ಲ, ಕೋಲ್ಡ್ ಸ್ಟೋರೇಜಿನ ಚಳಿ ಎನಿಸುತ್ತಿತ್ತು ಅವಳಿಗೆ. ರಾತ್ರಿ ಅವನು ಮನೆಗೆ ಬಂದಾಗ ಅವನ ಕೋಟಿನಲ್ಲಿ ಇರುತ್ತಿದ್ದ ಚಳಿ. ಆ ದಪ್ಪ ನೀಲಿ ಕೋಟು ಇನ್ನೂ ಎ.ಸಿ.ಯ ಎದುರುಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಅದನ್ನು ಯಾರೂ ಮುಟ್ಟಕೂಡದೆಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು. ತಾನೂ ಮುಟ್ಟಿರಲಿಲ್ಲ.

ಒಂದು ದಿನ ಗೋಡೆಯ ಸ್ವಿಚ್ಚನ್ನೇ ಆರಿಸಿ ಕೆಲಸಕ್ಕೆ ಹೋದಳು. ಸಂಜೆ ಬಂದು ನೋಡಿದರೆ ಸ್ವಿಚ್ಚು ಹಾಕಿತ್ತು. ಆರಿಸಿದ್ದು ತನ್ನ ಭ್ರಮೆಯೋ, ಹಾಕಿರುವುದು ತನ್ನ ಭ್ರಮೆಯೋ ತಿಳಿಯದೆ ಅವಳು ಹಾಲಿನ ನೆಲದ ಮೇಲೆ ಕೂತು ಅತ್ತಳು. ಅವನನ್ನು ಪ್ರೀತಿಸಿದ್ದಳು, ನಿಜ. ಆದರೆ ಸತ್ತವನ ಜೊತೆ ಸಂಸಾರ ಮಾಡುವಷ್ಟು ಗುಂಡಿಗೆ ಅವಳಿಗಿರಲಿಲ್ಲ.

ಕೊನೆಗೆ ಅಣ್ಣನಿಗೆ ಫೋನು ಮಾಡಿದಳು. ಅಣ್ಣ ಮನೆಗೆ ಬಂದುಬಿಡು ಎಂದ. ಹಾಗಾದರೆ ಅತ್ತೆ ತಮ್ಮ ಮಗಳ ಮನೆಗೆ ಹೋಗಬೇಕು, ಅಲ್ಲಿ ಹಾಲಿನ ಸೋಫಾದ ಹಿಂದಿನ ಮೂಲೆಯೇ ಅವರಿಗೆ ಗತಿ. ಅವರನ್ನು ಹಾಗೆ ಕಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಇನ್ನೊಬ್ಬನನ್ನು ಕರೆಸಿ ನೋಡುತ್ತೇನೆ, ಅವನೂ ಕೈಯೆತ್ತಿದರೆ ಮನೆ ಖಾಲಿ ಮಾಡುತ್ತೇನೆ ಎಂದು ಅಣ್ಣನಿಗೆ ಮಾತು ಕೊಟ್ಟಳು.

ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನು ಒಬ್ಬರ ನಂಬರು ಕೊಟ್ಟ. “ನಿಧಾನಪ್ಪ ಅಂತ ಕರೀತೀವಿ. ಕೆಲಸ ನಂಬಬಹುದು, ಟೈಮ್ ಮಾತ್ರ ನಂಬಬೇಡಿ” ಎಂದ.

ರಜೆಯ ದಿನ ಬೆಳಿಗ್ಗೆಗೆ ಹೇಳಿದ್ದ ನಿಧಾನಪ್ಪ ಬಂದದ್ದು ಊಟದ ಹೊತ್ತು ಕಳೆದ ಮೇಲೆ. ದೊಡ್ಡ ಹೊಟ್ಟೆಯ ಮನುಷ್ಯ, ಸ್ಟೂಲು ಹತ್ತುವಾಗ ಸ್ಟೂಲೇ ನರಳಿತು. ಮುಚ್ಚಳ ತೆಗೆದು ನೋಡಿದ, ಟಾರ್ಚು ಬಿಟ್ಟು ನೋಡಿದ, ಕೈಯೊಡ್ಡಿ ಗಾಳಿ ನೋಡಿದ.

“ಕೆಟ್ಟಿದ್ರೆ ರಿಪೇರಿ ಮಾಡಬಹುದಮ್ಮ. ಚೆನ್ನಾಗಿರೋದನ್ನ ಏನಂತ ರಿಪೇರಿ ಮಾಡ್ಲಿ?”

ಅವಳು ಕೋಣೆಯ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ನಗಲಿಲ್ಲ. ಎ.ಸಿ.ಯನ್ನು ಆರಿಸಿ, ಮೂಲೆಯ ಕುರ್ಚಿ ಎಳೆದುಕೊಂಡು ಕೂತ.

“ಅದು ಬರೋ ಹೊತ್ತಿಗೆ ನಾನೂ ಇರ್ತೀನಿ. ನೋಡೇ ಬಿಡೋಣ.”

ಕಿಟಕಿಯ ಬೆಳಕು ಗೋಡೆಯಿಂದ ನೆಲಕ್ಕೆ ಸರಿಯಿತು. ಅವಳು ಮಂಚದ ಅಂಚಿನಲ್ಲಿ ಹೊಸ ರಿಮೋಟನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ದಿನಾ ಅವಳು ಲಾಂಡ್ರಿಯಿಂದ ಬರುವ ಹೊತ್ತು ಹತ್ತಿರವಾಯಿತು.

‘ಟೀಂಕ್.’

ರೆಕ್ಕೆ ತೆರೆದುಕೊಂಡಿತು. ತಣ್ಣನೆಯ ಗಾಳಿ ನೇರ ಅವಳ ಮುಖಕ್ಕೆ ಬಂತು. ನಿಧಾನಪ್ಪ ಮೊದಲ ಸಲ ಬೇಗ ಎದ್ದ.

“ಈ ಸದ್ದು ಸುಮ್ಮನೆ ಬರಲ್ಲಮ್ಮ. ರಿಮೋಟ್‌ನಿಂದ ಹುಕುಂ ಬಂದ್ರೆ ಮಾತ್ರ ಬರೋದು. ಒತ್ತಿದ್ರಾ?”

ಅವಳು ಕೈ ಬಿಚ್ಚಿ ತೋರಿಸಿದಳು. ಯಾವ ಗುಂಡಿಯ ಮೇಲೂ ಬೆರಳಿರಲಿಲ್ಲ.

“ಹಾಗಾದ್ರೆ ಈ ರೂಮಲ್ಲಿ ಇನ್ನೊಂದಿದೆ. ಎ.ಸಿ.ಗೆ ಮುಖ ಮಾಡ್ಕೊಂಡೇ ಇದೆ.” ಅವನು ಎ.ಸಿ.ಗೆ ಬೆನ್ನು ಹಾಕಿ ಎದುರುಗೋಡೆ ನೋಡಿದ. ಅಲ್ಲಿ ಕೋಟೊಂದೇ ಇತ್ತು. “ಅದನ್ನ ನಾನು ಮುಟ್ಟಲ್ಲ. ನೀವೇ ನೋಡಿ.”

ಅವಳು ಎದ್ದು ಹೋದಳು. ಇಷ್ಟು ತಿಂಗಳು ದೂರದಿಂದ ನೋಡಿದ ಕೋಟು. ಮೇಲಿನ ಜೇಬಿನ ಅಂಚಿನಲ್ಲಿ ಪೆನ್ನಿನ ತುದಿಯೆಂದು ತಿಳಿದದ್ದು ಪೆನ್ನಾಗಿರಲಿಲ್ಲ. ಹೊರಗೆಳೆದರೆ ಕಳೆದುಹೋದ ರಿಮೋಟು.

“ಟೈಮರ್” ಎಂದ ನಿಧಾನಪ್ಪ. “ದಿನಾ ಅದೇ ಹೊತ್ತಿಗೆ ತಾನೇ ಹುಕುಂ ಕಳಿಸುತ್ತೆ. ಯಜಮಾನ್ರು ಇಟ್ಟಿರ್ತಾರೆ. ನಿಮಗೆ ದೆವ್ವಾನೂ ಇಲ್ಲ, ನನಗೆ ಕೆಲಸಾನೂ ಇಲ್ಲ.”

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಅಷ್ಟರಲ್ಲಿ ಅವನು ರಿಮೋಟಿನ ಹಿಂದಿನ ಮುಚ್ಚಳ ಸರಿಸಿದ. ಒಳಗಿನ ಸೆಲ್ಲುಗಳು ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿದ್ದವು. ನಿಧಾನಪ್ಪನ ಹುಬ್ಬು ಗಂಟಾಯಿತು.

“ಇವು ಹೊಸವು. ಸೆಲ್ ತೆಗೆದ್ರೆ ಟೈಮರ್ ಅಳಿಸಿಹೋಗುತ್ತೆ. ಮತ್ತೆ ಇಟ್ಟಿರೋದು ಯಾರು?”

ನಗು ಅಲ್ಲೇ ಸತ್ತಿತು. ಅವಳ ಕಣ್ಣು ಮತ್ತೆ ಕೋಟಿನ ಕಡೆ ಹೋಯಿತು. ಆಗ ಬಾಗಿಲು ತಳ್ಳಿಕೊಂಡು, ಹೆಗಲಿಗೆ ಶಾಲು ಹೊದ್ದ ಅತ್ತೆ ಒಳಗೆ ಬಂದರು.

“ಸೆಲ್ಲು ಹೋದ ವಾರ ಹಾಕ್ದೆನಲ್ಲ” ಎಂದರು ಅವಳ ಕೈ ನೋಡಿ. “ಇನ್ನೂ ತಣ್ಣಗಾಗ್ತಿಲ್ವಾ?”

“ನೀವಾ ಅತ್ತೆ?”

“ನೀನು ರಿಪೇರಿಯವರನ್ನ ಕರೆಸಿದಾಗೆಲ್ಲ, ಪಾಪ ಹುಡುಗಿಗೆ ಸಾಲ್ತಿಲ್ಲವೇನೋ ಅಂತ ಇನ್ನೂ ಎರಡು ಡಿಗ್ರಿ ಇಳಿಸ್ತಿದ್ದೆ. ಒಂದಿನ ಮರೆತು ಸ್ವಿಚ್ಚು ಆರಿಸಿ ಹೋಗಿದ್ದೆ ನೀನು, ಅದನ್ನೂ ಹಾಕ್ದೆ. ರೂಮು ತಣ್ಣಗಿದ್ರೆ ಯಾವತ್ತಾದ್ರೂ ಒಳಗೆ ಬಂದು ಮಲಗ್ತೀಯ ಅಂತ.”

“ಇದನ್ನ ಇಡೋದು ನಿಮಗೆ ಹೇಗೆ ಗೊತ್ತು?”

“ಅವನೇ ಕಲಿಸಿದ್ದಲ್ವೇನಮ್ಮ. ಆಸ್ಪತ್ರೆಗೆ ಹೊರಡೋ ಹಿಂದಿನ ದಿನ, ನೀನು ಕೆಲಸಕ್ಕೆ ಹೋಗಿದ್ದಾಗ. ಮತ್ತೆ ಮತ್ತೆ ನನ್ನ ಕೈಲೇ ಒತ್ತಿಸಿದ. ‘ಸೆಲ್ ಮುಗಿದ್ರೆ ಅಳಿಸಿ ಹೋಗುತ್ತಮ್ಮ. ಹೊಸಾದು ಹಾಕಿ, ಹೀಗೆ ಒತ್ತಿ, ಮತ್ತೆ ಈ ಕೋಟಿನ ಜೇಬಲ್ಲೇ ಇಟ್ಟುಬಿಡು. ಅವಳು ಬರೋ ಹೊತ್ತಿಗೆ ರೂಮು ತಣ್ಣಗಿರಬೇಕು’ ಅಂದ.”

ಅವಳು ಮಂಚದ ಮೇಲೆ ಕುಸಿದಳು. ಬೆಡ್‌ಶೀಟು ಕೊಳೆಯಾಗುವುದರೊಳಗೆ ಬರುತ್ತೇನೆ ಎಂದವನು, ಸೆಲ್ಲು ಮುಗಿದ ಮೇಲಿನ ಮಾತನ್ನು ತಾಯಿಗೆ ಯಾಕೆ ಹೇಳಿಕೊಟ್ಟ? ಅವನಿಗೆ ಗೊತ್ತಿತ್ತು. ಎಲ್ಲ ಗೊತ್ತಿದ್ದೂ, ಹೆಂಡತಿಯ ಎದುರು ಆ ನಗದ ಮುಖ ಹೊತ್ತು ಹೋಗಿಬಿಟ್ಟ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅವನು ಇದ್ದಾಗಲೂ ಬಂದಿರದಷ್ಟು ಸಿಟ್ಟು. ಕೋಟನ್ನು ಎಳೆದುಕೊಂಡು ಮುಖ ಮುಚ್ಚಿ ಅತ್ತಳು. ಅತ್ತೆ ಪಕ್ಕದಲ್ಲಿ ಕೂತು, ಏನೂ ತಿಳಿಯದೆ, ಅವಳ ಬೆನ್ನು ಸವರಿದರು. ಅವರ ಬೆರಳು ಮಂಜುಗಡ್ಡೆಯ ಹಾಗಿತ್ತು.

ನಿಧಾನಪ್ಪ ಯಾವಾಗ ಹೋದನೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಆ ರಾತ್ರಿ ಅವಳು ಅಣ್ಣನಿಗೆ ಫೋನು ಮಾಡಿ ಬರುವುದಿಲ್ಲ ಎಂದಳು. ರಿಮೋಟಿನಲ್ಲಿ ಚಳಿಯನ್ನು ಅತ್ತೆಯ ಬೆರಳಿಗೆ ಸರಿಹೋಗುವಷ್ಟು ಕಡಿಮೆ ಮಾಡಿದಳು. ಹೊತ್ತನ್ನು ಮುಟ್ಟಲಿಲ್ಲ. ಕೋಟನ್ನು ಮತ್ತೆ ಮೊಳೆಗೆ ಹಾಕಿ, ರಿಮೋಟನ್ನು ತುದಿ ಕಾಣುವಂತೆ ಜೇಬಿನಲ್ಲಿಟ್ಟಳು.

ಮರುದಿನ ಬೀಗಕ್ಕೆ ಕೀ ಹಾಕುತ್ತಿದ್ದ ಹಾಗೇ ಒಳಗೆ ‘ಟೀಂಕ್’ ಎಂದಿತು. ಕಾರಣವೆಲ್ಲ ಗೊತ್ತಿದ್ದೂ ಅವಳ ಮೈ ಜುಮ್ಮೆಂದಿತು. ಬಾಗಿಲು ತೆರೆದಳು. ಚಪ್ಪಲಿ ಬಿಡಲಿಲ್ಲ. ಕೋಣೆಯವರೆಗೂ ಚೆನ್ನಾಗಿ ಕೇಳಿಸುವ ಹಾಗೆ, ಹೆಜ್ಜೆ ಸಪ್ಪಳ ಮಾಡುತ್ತ ಹೋದಳು.