ತಾರೆ ಮರದ ಚೌಡಿ

ಕೊಕ್ಕಿನ ತುದಿ, ಮತ್ತೆ ಅದೇ, ತಾರೆ ಮರದ ಸೀಳಿನಲ್ಲಿ ಅರಿಶಿನದ ಕೊಂಬಿನಂಥ ಹಳದಿ ತುದಿ, ತೆರೆಯಿತು, ಮುಚ್ಚಿತು, ತೆರೆಯಿತು — ಒಳಗಿರುವವಳು ಕೇಳುತ್ತಿದ್ದಾಳೆ, ಹೊರಗಿನಿಂದ ಕೊಡುವವನಿಲ್ಲ, ಬೆಳಿಗ್ಗೆ ಆರೂವರೆಗೆ ನಾಲ್ಕು ಗೋಳಿ ಹಣ್ಣು ಕೊಟ್ಟು ಹೋದ ಗಂಡು ಮಂಗಟ್ಟೆ ಹತ್ತೂಕಾಲಾದರೂ ಮರಕ್ಕೆ ಬಂದಿಲ್ಲ, ಬಂದಿಲ್ಲ ಅನ್ನುವುದೂ ಸುಳ್ಳು, ಮೂರು ಸಲ ಬಂದ, ಗೆರಸಿಯಲ್ಲಿ ಅಕ್ಕಿ ಗೇರಿದ ಹಾಗೆ ರೆಕ್ಕೆ ಸದ್ದು ಮಾಡುತ್ತ ಕಣಿವೆ ದಾಟಿ ಬಂದ, ಆಚೆಯ ಹೊನ್ನೆ ಮರದಲ್ಲಿ ಕೂತ, ಕತ್ತು ಓರೆ ಮಾಡಿ ಕೆಳಗಿನ ಜನರನ್ನು ನೋಡಿದ, ಹೋದ, ಯಾರು ತಾನೇ ಹೋಗುವುದಿಲ್ಲ, ಬುಡದಲ್ಲಿ ನನ್ನ ಸೋದರಮಾವ ರಘುಪತಿ ಜಾಗಟೆ ಬಡಿಯುತ್ತಿದ್ದಾನೆ, ಧೂಪದ ಹೊಗೆ ನೆಟ್ಟಗೆ ಮೇಲೆದ್ದು ಗೂಡಿನ ಬಾಯಿಗೇ ಹೋಗುತ್ತಿದೆ, ಹದಿನೆಂಟು ಜನ, ನಾನು ಎಣಿಸಿದ್ದೇನೆ, ಹಕ್ಕಿಯ ಲೆಕ್ಕ ಬರೆಯಬೇಕಾದ ಪುಸ್ತಕದಲ್ಲಿ ಜನರ ಲೆಕ್ಕ ಬರೆಯುತ್ತಿದ್ದೇನೆ, ೧೧ ಎಪ್ರಿಲ್ ೨೦೦೩, ಶುಕ್ರವಾರ, ಗೂಡು ಮುಚ್ಚಿ ಐವತ್ಮೂರು ದಿನ, ಹಣ್ಣು ನಾಲ್ಕು, ಒಡೆದ ತೆಂಗಿನಕಾಯಿ ಹನ್ನೊಂದು. ಕವಳಿ ಮಟ್ಟಿಯ ಹಿಂದೆ, ಆ ಮುಳ್ಳುಪೊದೆಯ ಮರೆಯಲ್ಲಿ ಕೂತು ಕೂತು ಕಾಲು ಜೋಮು ಹಿಡಿದಿದೆ, ಮುಳ್ಳು ಚೂಡಿದಾರದ ತೋಳು ಹರಿದಿದೆ, ಚಗಳಿ ಇರುವೆ ಕುತ್ತಿಗೆ ಹತ್ತಿದೆ, ಕೊಡವಿದರೆ ಮಟ್ಟಿ ಅಲ್ಲಾಡುತ್ತದೆ, ಹಾಗಾಗಿ ಕಚ್ಚಿಸಿಕೊಳ್ಳುತ್ತಿದ್ದೇನೆ, ಅರವತ್ತು ಹೆಜ್ಜೆ ದೂರದಲ್ಲಿ ಊರಿಗೆ ಊರೇ ಜಾಗಟೆ ಬಡಿಯುವಾಗ ನಾನೊಬ್ಬಳು ಇರುವೆ ಕೊಡವದೆ ಕೂತು ಯಾವ ಪಕ್ಷಿಯನ್ನು ಉಳಿಸುತ್ತಿದ್ದೇನೆ ಅಂತ ನನಗೇ ಗೊತ್ತಾಗುತ್ತಿಲ್ಲ. ಇನ್ನು ಅವರೆಲ್ಲ ಕೈಮುಗಿಯುತ್ತಿರುವ ಕಲ್ಲು — ಆ ಕಲ್ಲನ್ನು ಅಲ್ಲಿ ಇಟ್ಟವಳು ನಾನು.

ನಾನೇ, ಬೇರೆ ಯಾರನ್ನು ಬೈಯಲಿ, ಹೆಗ್ಗರಣೆಯಿಂದ ಎರಡು ತಾಸು ಇಳಿದರೆ ಸಿಗುವ ಈ ಹೊನ್ನೆಕೈ ಕಣಿವೆಗೆ, ಅಜ್ಜನ ಮನೆಗೆ, ಪರೀಕ್ಷೆಗೆ ಓದುತ್ತೇನೆ ಅಂತ ಸುಳ್ಳು ಹೇಳಿ ಗೂಡು ನೋಡಲು ಬಂದವಳು ನಾನು, ಫೆಬ್ರವರಿಯಲ್ಲಿ ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಹೋಗಿ ಮಣ್ಣು ಹಿಕ್ಕೆ ಮೆತ್ತಿ ಬಾಗಿಲು ಮುಚ್ಚಿಕೊಂಡಾಗ ಕುಣಿದವಳು ನಾನು, ಒಂದು ಬೆರಳಗಲದ ಸೀಳು ಬಿಟ್ಟು ಪೂರ್ತಿ ಮುಚ್ಚಿಕೊಳ್ಳುತ್ತದೆ, ಒಳಗೆ ಮೊಟ್ಟೆ, ರೆಕ್ಕೆಯ ಗರಿಗಳನ್ನೂ ಉದುರಿಸಿಕೊಂಡುಬಿಡುತ್ತದೆ, ಹಾರಿ ಹೋಗಲೂ ಆಗುವುದಿಲ್ಲ, ಅಂಥದ್ದರಲ್ಲಿ ವಾರ ಕಳೆಯುವುದರೊಳಗೆ ಮಾವ ಜಗಲಿಯಲ್ಲಿ ಕವಳ ಮೆಲ್ಲುತ್ತ ಹೇಳುತ್ತಾನೆ, ಆ ಪೊಟರೆ ಬಿದ್ದ ಮರ ಎಂತಕ್ಕೆ ಉಪಯೋಗ, ಆಲೆಮನೆ ಒಲೆಗಾದ್ರೂ ಆಗ್ಲಿ, ನಾಳೆ ಜಟ್ಟಪ್ಪಂಗೆ ಬಪ್ಪಲೆ ಹೇಳಿದ್ದೆ. ನಾನು ಮೊಟ್ಟೆ ಅಂದೆ, ಕಾನೂನು ಅಂದೆ, ಆ ಹಕ್ಕಿ ಬೀಜ ಉಗುಳದಿದ್ದರೆ ಈ ಕಾಡೇ ಇಲ್ಲ ಅಂದೆ, ಮಾವ ನಕ್ಕ, ಮಂಗಟ್ಟೆಗೆ ಈ ಘಟ್ಟದಲ್ಲಿ ಬೇರೆ ಮರವೇ ಇಲ್ಯ, ಕೂಸೆ, ಓದದು ಬಿಟ್ಟು ಹಕ್ಕಿ ಹಿಂದೆ ತಿರುಗ್ತೆ ಹೇಳಿ ನಿನ್ನ ಅಮ್ಮಂಗೆ ಫೋನ್ ಮಾಡ್ತೆ ನೋಡು, ಫೋನು ಸತ್ತು ಮೂರು ವಾರ ಆಗಿತ್ತು ಅದು ಬೇರೆ ಮಾತು. ಮರುದಿನ ಬೆಳಗಾಗುವ ಮೊದಲು, ಹೊಳೆಯ ಮೇಲೆ ಇನ್ನೂ ಮಂಜು ಇತ್ತು, ಬಚ್ಚಲ ಹಿಂದಿನ ಕಟ್ಟೆಯ ಮೇಲೆ ಯಾರಿಗೂ ಬೇಡವಾಗಿ ಕೂತಿದ್ದ ನುಣ್ಣನೆಯ ಕಪ್ಪು ಕಲ್ಲು ಎತ್ತಿಕೊಂಡೆ, ಅಮ್ಮಮ್ಮನ ಭರಣಿಯಿಂದ ಒಂದು ಚಿಟಿಕೆ ಕುಂಕುಮ, ಬೇಲಿಯ ದಾಸವಾಳ ಎರಡು, ತಾರೆ ಮರದ ಬುಡದಲ್ಲಿ ಇಟ್ಟು ಬಂದೆ, ಅಷ್ಟೇ, ಹತ್ತು ನಿಮಿಷದ ಕೆಲಸ. ಜಟ್ಟಪ್ಪ ಕೊಡಲಿ ಹೆಗಲಿಗೆ ಹಾಕಿಕೊಂಡು ಹೋದವನು ಕಾಲು ಗಂಟೆಯಲ್ಲಿ ವಾಪಸ್ಸು ಬಂದ, ಅಂಗಳದಲ್ಲಿ ನಿಂತು ನೀರು ಕೇಳಿ ಕುಡಿದ, ಒಡೆಯರೇ, ಅಲ್ಲಿ ಚೌಡಿ ಕೂತದೆ, ನನ್ನ ಹತ್ರ ಆಗೂದಿಲ್ಲ, ನಿಮಗೆ ಬೇಕಾದ್ರೆ ನೀವೇ ಕಡೀರಿ ಅಂದ. ಕಾಡಮ್ಮ ಚೌಡಿ ಕೂತ ಮರಕ್ಕೆ ಕೊಡಲಿ ಹಾಕುವ ಗಂಡಸು ಈ ಕಣಿವೆಯಲ್ಲಿ ಹುಟ್ಟಿಲ್ಲ, ಮಾವ ಕವಳ ಉಗುಳಿ ತೋಟದ ಕಡೆ ಹೊರಟ, ನಾನು ಒಳಗೆ ಹೋಗಿ ದಿಂಬಿಗೆ ಮುಖ ಒತ್ತಿ ನಕ್ಕೆ, ಎಂಥ ಜಾಣೆ ನಾನು, ಆಗ ನಕ್ಕ ಬಾಯಿಗೆ ಈಗ ಚಗಳಿ ಬಿಡಬೇಕು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು, ಒಂದು ಕಲ್ಲು, ಒಂದು ಹೂವು, ದಾರಿಹೋಕರು ಚಪ್ಪಲಿ ಕಳಚಿ ಮುಂದೆ ಹೋಗುತ್ತಾರೆ, ಹಾಗೇ ಆಗಿತ್ತು ಮೂರು ವಾರ, ಆಮೇಲೆ ಆ ಕಾಡುಕುರಿ. ಜಟ್ಟಪ್ಪ ದರಕು, ಉದುರಿದ ಒಣ ಎಲೆ, ಗುಡಿಸಲು ಹೋದವನು ಕಂಡನಂತೆ, ನಾ ಕಣ್ಣಾರೆ ಕಂಡೆ, ಮುಂಗಾಲು ಮಡಚಿ ತಲೆ ಬಗ್ಸಿ ಕಲ್ಲಿಗೆ ಮುಖ ಹಚ್ಚಿತ್ತು, ಮೂಕ ಪ್ರಾಣಿಗೆ ಗೊತ್ತಾಯ್ತು, ನಮಗೆ ಗೊತ್ತಾಗ್ಲಿಲ್ಲ. ಸುಳ್ಳು ಅನ್ನೋಣ ಅಂದರೆ ಎರಡು ದಿನ ಬಿಟ್ಟು ನಾನೇ ಕಂಡೆ, ಇದೇ ಮಟ್ಟಿಯ ಹಿಂದಿನಿಂದ, ಎಲೆ ಬಿದ್ದರೂ ಬೊಗಳಿ ಓಡುವ ಕಾಡುಕುರಿ ಅಲ್ಲಿ ಬಂದು ಕಲ್ಲಿನ ಮುಂದೆ ತಲೆ ತಗ್ಗಿಸಿ ನಿಂತೇ ಇತ್ತು, ಪುಸ್ತಕದಲ್ಲಿ ಬರೆದೆ, ಕಾರಣ ಗೊತ್ತಿಲ್ಲ ಅಂತಲೂ ಬರೆದೆ, ನನ್ನ ಬಿ.ಎಸ್ಸಿ.ಗೆ ಬೆಂಕಿ ಬೀಳ. ಅಲ್ಲಿಂದ ಶುರು, ಮಂಗಳವಾರ ನಾಲ್ಕು ಜನ, ಶುಕ್ರವಾರ ಒಂಬತ್ತು, ಸೊಪ್ಪಿನ ಬೆಟ್ಟದಲ್ಲಿ ದಾರಿ ಸವೆಯಿತು, ಜಟ್ಟಪ್ಪ ಮೆಟ್ಟಿಲು ಕಡಿದ, ಮರ ಕಡಿಸಬೇಕು ಅಂದಿದ್ದ ಮಾವ ಈಗ ಅದರ ಯಜಮಾನ, ಎಂಗಳ ಬೆಟ್ಟದ ಚೌಡಿ ಹೇಳಿ ಎದೆ ಉಬ್ಬಿಸುತ್ತಾನೆ. ಹೆಗ್ಗರಣೆಗೆ ಹತ್ತಿ ಹೋಗಿ ಬೂತಿನಿಂದ ನಮ್ಮ ಸಂಗಯ್ಯ ಸರ್‌ಗೆ ಫೋನ್ ಮಾಡಿದೆ, ಪ್ರಾಣಿಶಾಸ್ತ್ರ ಕಲಿಸುವವರು, ಬನವಾಸಿ ಕಡೆಯವರು, ನೋಡವಾ ಸ್ಫೂರ್ತಿ, ಗಿಡದ ಹತ್ರ ಯಾರನ್ನೂ ಬಿಡಬ್ಯಾಡ, ಅದರ ಜೀವ ಗಂಡಿನ ಕೊಕ್ಕಿನಾಗ ಐತಿ, ಅದು ಅಂಜಿ ಬರೂದು ಬಿಡ್ತಂದ್ರ ತಾಯಿ ಮರಿ ಎರಡೂ ಮುಗೀತು, ಕಲ್ಲ ನೀನ ಇಟ್ಟೀದಿ ಹೌದಲ್ಲೋ, ನೀನ ತಗೀ. ಎಷ್ಟು ಸುಲಭ, ಬುಧವಾರ ಬೆಳಿಗ್ಗೆ ತೆಗೆದೂ ತೆಗೆದೆ, ಸೆರಗಲ್ಲಿ ಕಟ್ಟಿಕೊಂಡ ಹಾಗೆ ದುಪಟ್ಟಾದಲ್ಲಿ ಸುತ್ತಿಕೊಂಡು ಹೊಳೆಯವರೆಗೂ ಹೋದೆ, ನೀರಿಗೆ ಕಾಲಿಟ್ಟಾಗ ಹೊಳೆಯಿತು, ಚೌಡಿ ಎದ್ದು ಹೋದ ಮರ ಅಂದರೆ ಬರೀ ಪೊಟರೆ ಮರ, ಮಾವನಿಗೆ ಮಳೆಗಾಲದ ಕಟ್ಟಿಗೆ ಇನ್ನೂ ಆಗಿಲ್ಲ. ಕಲ್ಲಿದ್ದರೆ ಜನ ಕೊಲ್ಲುತ್ತಾರೆ, ಕಲ್ಲಿಲ್ಲದಿದ್ದರೆ ಕೊಡಲಿ ಕೊಲ್ಲುತ್ತದೆ, ಮಂಡಿಯುದ್ದ ನೀರಲ್ಲಿ ನಿಂತು ಕಲ್ಲನ್ನು ಬೈದೆ, ವಾಪಸ್ಸು ತಂದು ಅಲ್ಲೇ ಇಟ್ಟೆ, ಕುಂಕುಮವನ್ನೂ ಸರಿ ಮಾಡಿದೆ.

ಅಮ್ಮಮ್ಮನೂ ಬಂದಿದ್ದಾಳೆ, ವೆಂಕಮ್ಮ, ಅರವತ್ತೆಂಟು ವರ್ಷ, ಊರುಗೋಲು ಊರಿ ಆ ಮೆಟ್ಟಿಲು ಹತ್ತಿ ಪ್ರತಿ ಶುಕ್ರವಾರ ಬರುತ್ತಾಳೆ, ಗುಂಪಿನಿಂದ ಆಚೆ ಬಂಡೆಯ ಮೇಲೆ ಕೂರುತ್ತಾಳೆ, ಬೇಡಿಕೊಳ್ಳುವುದು ಅಮ್ಮನ ತಂಗಿ ಪರಿಮಳಾ ಚಿಕ್ಕಿಯ ಸಲುವಾಗಿ, ಎಲ್ಲರಿಗೂ ಗೊತ್ತು, ಎರಡು ಸಲ ಹೊಟ್ಟೆಯಲ್ಲೇ ಹೋಯಿತು, ಈಗ ಏಳನೇ ತಿಂಗಳು, ಹಾಸಿಗೆ ಬಿಟ್ಟು ಏಳಬೇಡಿ ಅಂದಿದ್ದಾರೆ ಶಿರಸಿಯ ಡಾಕ್ಟರು, ಚಿಕ್ಕಿ ನಡುಮನೆಯ ಕೋಣೆಯಲ್ಲಿ ಮಲಗಿ ಜಂತಿ ಎಣಿಸುತ್ತಾಳೆ, ಅಮ್ಮಮ್ಮನ ಈ ಕಲ್ಲನ್ನು ಬರೀ ಕಲ್ಲು ಅಂತ ನಾನು ಯಾವ ಬಾಯಲ್ಲಿ ಹೇಳಲಿ, ಹೇಳದೆ ಒಂದೂವರೆ ತಿಂಗಳು ಆಯಿತು, ಕೊಕ್ಕು ತೆರೆಯಿತು, ಮುಚ್ಚಿತು — ಇದೇನು, ಜಟ್ಟಪ್ಪ ಏಣಿ ತಂದಿದ್ದಾನೆ, ಸುತ್ತಿಗೆ, ಮಾವನ ಕೈಯಲ್ಲಿ ಹಿತ್ತಾಳೆ ಗಂಟೆ, ಸೋಂದಾದಿಂದ ತರಿಸಿದ್ದು, ಇಲ್ಲಿ, ಸೀಳಿನ ಕೆಳಗೇ ಮೊಳೆ ಹೊಡಿ ಜಟ್ಟಪ್ಪ, ಎಲ್ಲರ ಕೈಗೂ ಹಗ್ಗ ಸಿಗವು, ಮೊಳೆ, ಸೀಳಿನ ಕೆಳಗೆ, ಒಳಗೆ ಮರಿಯ ಕಿವಿಗೆ ಅಂಗೈಯಗಲ ದೂರದಲ್ಲಿ. ಎದ್ದೆ, ಎದ್ದದ್ದು ಗೊತ್ತಾಗುವ ಮೊದಲು ಓಡುತ್ತಿದ್ದೆ, ಜೋಮು ಹಿಡಿದ ಕಾಲು ಎಲ್ಲೋ ಬೀಳುತ್ತಿತ್ತು, ಎಲ್ಲರೂ ತಿರುಗಿ ನೋಡಿದರು, ಮಾವ ಹೇಳಿದ, ಬಂತು ನೋಡು ಎಂಗಳ ಮಂಗಟ್ಟೆ, ಜನ ನಕ್ಕರು, ನಿಲ್ಲಿಸಿ ಅಂದೆ, ಎಂತಕ್ಕೆ ಅಂದ, ಹಕ್ಕಿಗೆ ತೊಂದರೆ ಅಂದೆ, ಅಮ್ಮನೇ ಅದನ್ನ ಕಾಯ್ತಾ ಇದ್ದು, ನೀ ಎಂತಕ್ಕೆ ಕಾಯ್ತೆ, ಮತ್ತೆ ನಕ್ಕರು. ಸೀದಾ ಬಂಡೆಯ ಹತ್ತಿರ ಹೋಗಿ ಅಮ್ಮಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು ಪಿಸುಗುಟ್ಟಿದೆ, ಅಮ್ಮಮ್ಮ, ಆ ಕಲ್ಲು ಇಟ್ಟಿದ್ದು ಆನು, ಅದು ಚೌಡಿ ಅಲ್ಲ, ಎಂತದೂ ಅಲ್ಲ, ಬಚ್ಚಲ ಹಿಂದೆ ಬಿದ್ಕಂಡಿದ್ದ ಕಲ್ಲು. ಅಮ್ಮಮ್ಮ ನನ್ನ ಕುತ್ತಿಗೆಯ ಚಗಳಿ ಹೆಕ್ಕಿ ತೆಗೆದು ಉಜ್ಜಿ ಬಿಸಾಡಿದಳು. ಬಿದ್ಕಂಡಿರಲ್ಲೆ, ಕೂಸೆ, ಆನೇ ಒಣಗಲೆ ಇಟ್ಟಿದ್ದಿ. ಎನ್ನ ಮಿಡಿ ಒತ್ತ ಕಲ್ಲು ಅದು. ಮೂವತ್ತು ವರ್ಷ ಅಪ್ಪೆಮಿಡಿ ಭರಣಿಯ ಉಪ್ಪುನೀರಲ್ಲಿ ಕೂತ ಕಲ್ಲು, ಕಾಡುಕುರಿ ನೆಕ್ಕದೆ ಬಿಡ್ತ.

ಉಪ್ಪು, ಉಪ್ಪು ನೆಕ್ಕುತ್ತಿತ್ತು, ಕಾರಣ ಗೊತ್ತಿಲ್ಲ ಅಂತ ಬರೆದ ಕೈ ಕಡಿಯಬೇಕು, ಮತ್ತೆ ನಿಂಗೆ ಮೊದ್ಲ ದಿನವೇ ಗೊತ್ತಿತ್ತ ಅಂದೆ, ಗೊತ್ತಿತ್ತು ಅಂದಳು, ಮತ್ತೆ ಈ ಮೆಟ್ಲು ಹತ್ತಿ ಎಂತಕ್ಕೆ ಬತ್ತೆ, ಸಿಟ್ಟೇ ಬಂತು ನನಗೆ, ಅವಳ ಮೇಲೆ, ಇಷ್ಟು ದಿನ ಅವಳ ಸಲುವಾಗಿ ಬಾಯಿ ಮುಚ್ಚಿಕೊಂಡಿದ್ದೆ. ಅಮ್ಮಮ್ಮ ಊರುಗೋಲಿನಿಂದ ದರಕು ಕೆದಕಿದಳು, ಎಂತ ಹೇಳದು, ಪರಿಮಳ ಹಾಂಗೆ ಮಲಗಿದ್ದು ನೋಡ್ಕ್ಯಂಡು ಮನೇಲಿ ಕೂರಲೆ ಆಗ್ತಿಲ್ಲೆ, ಎಲ್ಲಾದ್ರೂ ಹೋಗವು ಅನ್ನಸ್ತು, ಮತ್ತೆ ಕಲ್ಲು ಯಾರಾದ್ರೊಬ್ರು ಇಡದೇ ಅಲ್ದ, ಅದು ತಾನಾಗಿ ನಡ್ಕಂಡು ಬತ್ತ. ಅಮ್ಮಮ್ಮ, ಹಕ್ಕಿ ಸಾಯ್ತು, ಬೆಳಿಗ್ಗೆಯಿಂದ ನಾಲ್ಕೇ ಹಣ್ಣು. ಆಗ ಅವಳು ಮೇಲೆ ನೋಡಿದಳು, ಇಷ್ಟು ದಿನ ಬಂದವಳು ಮೊದಲ ಸಲ ಸೀಳಿನ ಕಡೆ ನೋಡಿದಳು ಅನಿಸುತ್ತದೆ, ಹಳದಿ ತುದಿ ತೆರೆಯಿತು, ಮುಚ್ಚಿತು, ಜಟ್ಟಪ್ಪ ಏಣಿಯ ಎರಡನೇ ಮೆಟ್ಟಿಲಲ್ಲಿ, ಬಾಯಲ್ಲಿ ಮೊಳೆ. ಜಟ್ಟಪ್ಪ, ಕೆಳಗಿಳಿ ಅಂದಳು, ಜೋರಾಗಿಯೂ ಅನ್ನಲಿಲ್ಲ, ರಘುಪತಿ, ಜಾಗಟೆ ಕೆಳಗಿಡು, ಆಯಿ, ಎಂತ ಆತು ಅಂದ ಮಾವ, ಅದು ಬಾಣಂತಿ ಕೋಣೆ ಅಂದಳು, ಬಾಣಂತಿ ಕೋಣೆ ಬಾಗಿಲಲ್ಲಿ ಜಾಗಟೆ ಬಡಿತ್ವ, ಹೊಗೆ ಹಾಕ್ತ್ವ, ಗಂಡಸ್ರು ಏಣಿ ಹತ್ತಿ ಮೊಳೆ ಹೊಡಿತ್ವ, ನಿಂಗಕ್ಕೆ ಮನೇಲಿ ಹೇಳವು ಯಾರೂ ಇಲ್ಯ, ಅಮ್ಮ ಬಾಗಿಲು ಹಾಕ್ಯಂಡು ಒಳಗೆ ಕೂತ್ರೆ ಇಲ್ಲಿ ಸಂತೆ. ಮಾವ ಜಾಗಟೆಯನ್ನು ಪಂಚೆಯ ಹಿಂದೆ ಅಡಗಿಸಿದ, ಐವತ್ತು ವರ್ಷದ ಗಂಡಸು, ಜಟ್ಟಪ್ಪ ಮೊಳೆ ಉಗುಳಿ ಕೆನ್ನೆ ಬಡಿದುಕೊಂಡ, ಹೌದಲ್ರಾ ಅಮ್ಮಾ, ನಮಗೆ ಹೊಳೀಲೇ ಇಲ್ಲ, ಒಬ್ಬೊಬ್ಬರಾಗಿ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದು ಮಾಡದೆ ಇಳಿಯತೊಡಗಿದರು, ಅಮ್ಮ ಹೊರಗೆ ಬಪ್ಪವರೆಗೆ ಯಾರೂ ಈ ಬೆಟ್ಟ ಹತ್ತಲಾಗ ಅಂದಳು ಅಮ್ಮಮ್ಮ, ಅಷ್ಟೇ, ಒಂದೂವರೆ ತಿಂಗಳು ನಾನು ಬೀಜಪ್ರಸಾರ ಬೀಜಪ್ರಸಾರ ಅಂತ ಗಂಟಲು ಹರಿದುಕೊಂಡೆ, ಬಾಣಂತಿ ಅಂತ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಪೂಜೆಗೆ ತಂದಿದ್ದ ತಂಬಿಗೆಯ ನೀರು ಹೊಯ್ದು ಧೂಪ ಆರಿಸಿದೆ, ಮತ್ತೆ ಕವಳಿ ಮಟ್ಟಿಗೆ ಓಡಿದೆ, ದುರ್ಬೀನು ತೆಗೆದೆ, ಪುಸ್ತಕ ತೆಗೆದೆ, ಹನ್ನೊಂದೂ ಐದು, ಗಂಡು ಬಂದ, ಹೊನ್ನೆ ಮರದಲ್ಲಿ ಕೂತ, ಕೊಕ್ಕಿನಲ್ಲಿ ಕೆಂಪು ಹಣ್ಣು, ಕೂತೇ ಇದ್ದಾನೆ, ಹೋಗು, ಯಾರೂ ಇಲ್ಲ ಈಗ, ಹೋಗು ಮಾರಾಯ, ಕತ್ತು ಓರೆ ಮಾಡುತ್ತಾನೆ, ಈ ಕಡೆ, ಮತ್ತೆ ಈ ಕಡೆ, ದುರ್ಬೀನಿನ ಗಾಜಿನಲ್ಲಿ ಅವನ ಕೆಂಪು ಕಣ್ಣು ನನ್ನನ್ನೇ ನೋಡುತ್ತಿದೆ. ಕೂಸೆ, ಕೆಳಗಿನಿಂದ ಅಮ್ಮಮ್ಮ, ಬಾ, ನೀ ಅಲ್ಲೆಂತ ಮಾಡ್ತೆ, ಆನು ದೂರದಿಂದ ನೋಡ್ತೆ ಅಷ್ಟೇ ಅಮ್ಮಮ್ಮ, ಬಾಣಂತಿ ಕೋಣೆಗೆ ದುರ್ಬೀನು ಹಾಕ್ತ್ವ, ಯಾರೂ ಅಂದ್ರೆ ನೀನೂವ. ನಾನಾ, ನಾನು ಇಲ್ಲದಿದ್ದರೆ ಮರವೇ ಇರುತ್ತಿರಲಿಲ್ಲ, ಪುಸ್ತಕದಲ್ಲಿ ಇನ್ನೂ ನಲವತ್ತು ಹಾಳೆ ಖಾಲಿ ಇದೆ, ಮರಿ ಹೊರಬಂದ ದಿನ ಬರೆಯಬೇಕು, ಸರ್‌ಗೆ ಕೊಡಬೇಕು, ಅವನು ಹಣ್ಣು ಕಚ್ಚಿಕೊಂಡು ಕೂತೇ ಇದ್ದಾನೆ, ನನ್ನ ಮಟ್ಟಿಯನ್ನೇ ನೋಡುತ್ತ. ಎದ್ದೆ, ಬಗ್ಗಿಕೊಂಡು, ಹಿಂದಹಿಂದಕ್ಕೆ, ದುರ್ಬೀನು ಚೀಲಕ್ಕೆ, ಅಮ್ಮಮ್ಮನ ತೋಳು ಹಿಡಿದು ಮೆಟ್ಟಿಲು ಇಳಿದೆ, ಶುಕ್ರವಾರ ಎಂತ ಮಾಡ್ತೆ ಇನ್ನು ಅಂತ ಕೇಳಿದೆ, ಪರಿಮಳನ ಹತ್ರ ಕೂತ್ಗಳ್ತೆ, ಮತ್ತೆಂತ ಮಾಡದು, ಹಿಂದೆ ರೆಕ್ಕೆಯ ಸದ್ದು, ಗೆರಸಿಯಲ್ಲಿ ಅಕ್ಕಿ ಗೇರಿದ ಹಾಗೆ, ಒಂದು ಸಲ, ಎರಡು ಸಲ, ಮರದ ಕಡೆಗೋ, ಕಣಿವೆ ದಾಟಿ ಹೊರಟೇ ಹೋಯಿತೋ, ತಿರುಗಬಾರದು, ತಿರುಗಿಲ್ಲ, ಕಣ್ಣಮುಂದೆ ಮಾತ್ರ ಅದೇ, ಸೀಳಿನಲ್ಲಿ ಹಳದಿ ತುದಿ, ತೆರೆಯಿತು, ಮುಚ್ಚಿತು, ತೆರೆಯಿತು, ತೆರೆದೇ ಇದೆ